ಸಿ ಲ್ಯಾಬಿನ ಘನಪಾಠಿ

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ವರಾಂಡದಲ್ಲಿ ವೇದಪಾಠಶಾಲೆಯ ಸದ್ದು. ಗೋಡೆಗೊರಗಿ, ಕಣ್ಣು ಮುಚ್ಚಿ, "ಫಾರ್ ಐ ಈಕ್ವಲ್ ಟು ಝೀರೋ, ಐ ಲೆಸ್ ದ್ಯಾನ್ ಎನ್, ಐ ಪ್ಲಸ್ ಪ್ಲಸ್" ಎಂದು ತೂಗುತ್ತಿರುವವನೇ ನಮ್ಮ ಘನಪಾಠಿ. ಬಬಲ್ ಸಾರ್ಟ್, ಬೈನರಿ ಸರ್ಚ್, ಮ್ಯಾಟ್ರಿಕ್ಸ್ ಗುಣಾಕಾರ ಎಲ್ಲವೂ ಕಂಠಸ್ಥ. ನಡುವೆ ಯಾರಾದರೂ "ಊಟಕ್ಕೆ ಬರ್ತೀಯೇನೋ" ಎಂದರೆ ಮುಗಿಯಿತು, ಮತ್ತೆ ಹ್ಯಾಷ್ ಇನ್‌ಕ್ಲೂಡಿನಿಂದಲೇ ಶುರು.

ಬೈಯುವಂತೆಯೂ ಇಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ದಾಟಿಸಿದ್ದು ಬಾಯಿಪಾಠವೇ.

ಡೆನಿಸ್ ರಿಚಿ ಬೆಲ್ ಲ್ಯಾಬ್ಸಿನಲ್ಲಿ ಸಿ ಭಾಷೆ ಕಟ್ಟಿ, 1978ರಲ್ಲಿ ಬ್ರಯಾನ್ ಕರ್ನಿಗನ್ ಜೊತೆಗೂಡಿ ಅದರ ಪುಸ್ತಕ ಬರೆದರು. ಅದರ ಮೊದಲ ಪ್ರೋಗ್ರಾಮಿನ ಕೆಲಸ 'ಹಲೋ ವರ್ಲ್ಡ್' ಎಂದು ಮೂಡಿಸುವುದು, ಅಷ್ಟೆ. ನಮ್ಮವನು ಅದರಲ್ಲೇ ಮುಗ್ಗರಿಸಿದ್ದ. ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್ಟಿನ ಮೊಟಕು ರೂಪವನ್ನು ಅವನ ಕಿವಿ 'ಸ್ಟುಡಿಯೋ' ಎಂದು ಹಿಡಿದಿತ್ತು. ಕಂಪೈಲರ್ ಇಡೀ ಡಿಸ್ಕ್ ಜಾಲಾಡಿದರೂ ಫೋಟೊ ಸ್ಟುಡಿಯೋ ಸಿಗಲಿಲ್ಲ. ಇನ್ನೊಂದು ದಿನ ಹನ್ನೆರಡನೇ ಸಾಲಿನಲ್ಲಿ ಎರರ್. ಆ ಸಾಲನ್ನು ನಾಲ್ಕು ಸಲ ಅಳಿಸಿ ಬರೆದ. ಸೆಮಿಕೋಲನ್ ಬಿಟ್ಟುಹೋದದ್ದು ಹನ್ನೊಂದನೇ ಸಾಲಿನ ಕೊನೆಯಲ್ಲಿ! ಕಳ್ಳತನ ಒಂದು ಮನೆಯಲ್ಲಾದರೆ ಕಂಪೈಲರ್ ಕೂಗುವುದು ಪಕ್ಕದ ಮನೆ ಮುಂದೆ.

ಘನಪಾಠಿಗೆ ಗುರುಪರಂಪರೆಯೂ ಉಂಟು: ಸೀನಿಯರ್ ರೆಕಾರ್ಡ್, ಅದಕ್ಕೆ ಅವನ ಸೀನಿಯರ್ ರೆಕಾರ್ಡ್. ಮಡಿ-ಮೈಲಿಗೆಯೂ ಅಲ್ಲಿಂದಲೇ. "ಫ್ಯಾಕ್ಟೋರಿಯಲ್‌ಗೆ ಏಳು ದಾಟಬೇಡ, ಮೈನಸ್ ಬರುತ್ತೆ." ಯಾಕೆಂದು ಸೀನಿಯರ್ ಹೇಳಲಿಲ್ಲ, ಇವನು ಕೇಳಲಿಲ್ಲ. ಲ್ಯಾಬಿನಲ್ಲಿದ್ದದ್ದು ನೀಲಿ ಪರದೆಯ ಹಳೇ ಟರ್ಬೊ ಸಿ. ಅದರಲ್ಲಿ ಪೂರ್ಣಾಂಕಕ್ಕೆ ಎರಡೇ ಬೈಟ್, 32767ಕ್ಕೆ ಪಾತ್ರೆ ಭರ್ತಿ. ಎಂಟರ ಫ್ಯಾಕ್ಟೋರಿಯಲ್ 40320 ಅದರಲ್ಲಿ ಹಿಡಿಸದೆ ಮೈನಸ್ 25216 ಆಗಿ ಹೊರಬೀಳುತ್ತದೆ. ಪರಂಪರೆಯಲ್ಲಿ ಇದಕ್ಕೆ ದೋಷ ಎಂದಷ್ಟೇ ಹೆಸರು.

ಪರೀಕ್ಷೆಯ ದಿನ ಚೀಟಿ ಎತ್ತಿದರೆ ಪ್ಯಾಲಿಂಡ್ರೋಮ್: ಹಿಂದುಮುಂದು ಓದಿದರೂ ಒಂದೇ ಆಗುವ ಪದವನ್ನು ಪತ್ತೆಹಚ್ಚಬೇಕು. ಮ್ಯಾನ್ಯುಯಲ್ಲಿನ ಉದಾಹರಣೆ 'ಮೇಡಂ'. ಎದುರಿಗೆ ನಿಂತ ಎಕ್ಸ್‌ಟರ್ನಲ್ಲೂ ಮೇಡಂ. ಶುಭಶಕುನವೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ, ಪಾಸ್.

"ಕನ್ನಡದ್ದೊಂದು ಪದ ಹಾಕಪ್ಪ, ನೋಡೋಣ."

ಇಂಗ್ಲಿಷಿನಲ್ಲೇ 'ವಿಕಟಕವಿ' ಒತ್ತಿದ. ಪರದೆ ಹೇಳಿತು: ಪ್ಯಾಲಿಂಡ್ರೋಮ್ ಅಲ್ಲ. ತೆನಾಲಿ ರಾಮಕೃಷ್ಣನೇ ಫೇಲು!

"ಸಿಸ್ಟಮ್ ಸರಿ ಇಲ್ಲ, ಮೇಡಂ."

ಅವರು ಒಂದು ಹಾಳೆ ತಳ್ಳಿದರು. "ಇಂಗ್ಲಿಷಲ್ಲಿ ಬಿಡಿಬಿಡಿಯಾಗಿ ಬರಿ. ನಿನ್ನ ಲೂಪ್ ಏನು ಮಾಡುತ್ತೆ, ಬೆರಳಿಟ್ಟು ತೋರಿಸು."

ಅಲ್ಲಿಯವರೆಗೆ ಲೂಪ್ ಹಾಡುವ ವಸ್ತುವಾಗಿತ್ತು, ಏನಾದರೂ ಮಾಡುತ್ತದೆ ಎಂಬ ಗುಮಾನಿ ಅವನಿಗಿರಲಿಲ್ಲ. ಎಡಗೈ ಬೆರಳು ಮೊದಲ ಅಕ್ಷರದ ಮೇಲೆ, ಬಲಗೈ ಬೆರಳು ಕೊನೆಯದರ ಮೇಲೆ. ಎಡಕ್ಕೆ ಇಂಗ್ಲಿಷಿನ 'ವಿ', ಬಲಕ್ಕೆ 'ಐ'. "ಅಯ್ಯೋ, ಇಲ್ಲೇ ಔಟಾಗುತ್ತೆ ಮೇಡಂ! ನಮಗೆ ಒಂದು ಅಕ್ಷರ, ಇದಕ್ಕೆ ಎರಡು." ಅದೇ ಉತ್ಸಾಹದಲ್ಲಿ 'ಕನಕ' ಕೊಟ್ಟ, ಕೊನೆಗೊಂದು 'ಎ' ಅಂಟಿಕೊಂಡು ಅದೂ ಬಿತ್ತು. ಪಕ್ಕದ ಸಿಸ್ಟಮ್ಮಿನ ಹುಡುಗಿ "ಮಲಯಾಳಂ ಹಾಕೋ" ಎಂದು ಪಿಸುಗುಟ್ಟಿದಳು. ಪಾಸ್. ಕನ್ನಡ ಲಿಪಿಯಲ್ಲಿ ತಿರುಗಿಸಿದರೆ ಒಂದಾಗದ ಪದ ಇಲ್ಲಿ ಪಾಸು!

ಅಭಿಮಾನ ಕೆಣಕಿತು. ಕೊನೆಯದಾಗಿ ತನ್ನೂರನ್ನೇ ಹಾಕಿದ: ಗದಗ. ಮತ್ತೆ ಫೇಲ್. ಬೆರಳಿಟ್ಟು ಎಣಿಸಿದ, ಎರಡೂ ಕಡೆಯಿಂದ ಸರಿಯಾಗೇ ಇದೆ. ಪರದೆಯನ್ನು ದಿಟ್ಟಿಸಿದ. ಊರಿನ ಹೆಸರೆಂದು ಮೊದಲ ಅಕ್ಷರ ಕ್ಯಾಪಿಟಲ್ ಹಾಕಿದ್ದ, ಕೊನೆಯದು ಸಣ್ಣದು. ಸೀನಿಯರ್ ರೆಕಾರ್ಡಿನಲ್ಲಿ ಇದಕ್ಕೆ ಪರಿಹಾರವಿರಲಿಲ್ಲ. ಯಾರನ್ನೂ ಕೇಳದೆ ಸಣ್ಣಕ್ಷರದಲ್ಲಿ ಮತ್ತೆ ಒತ್ತಿದ.

"ಮೇಡಂ, ಗದಗ ಪಾಸ್!" ಎಂದು ಅವನು ಕೂಗಿದ್ದಕ್ಕೆ ಇಡೀ ಲ್ಯಾಬ್ ತಿರುಗಿ ನೋಡಿತು.