ಎರಡು ಗಾಲಿಯ ದಾಯಾದಿಗಳು

ಮೈಸೂರಿನ ರಸ್ತೆಗಳಲ್ಲಿ ಬೆಳಗಿನ ಆರು ಗಂಟೆಗೆ ನಾನು ಸೈಕಲ್ ಪಕ್ಷದವನು, ಒಂಬತ್ತೂವರೆಗೆ ಬೈಕ್ ಪಕ್ಷದವನು. ನಡುವೆ ಒಂದು ಸ್ನಾನ, ಒಂದು ತಿಂಡಿ ಮತ್ತು ಸಂಪೂರ್ಣ ತಾತ್ವಿಕ ಬದಲಾವಣೆ. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲೇ ಬಂದಿದೆ ನಿಜ. ಆದರೆ ಅದು ಅನ್ವಯಿಸುವುದು ಶಾಸಕರಿಗೆ, ಸಂಸದರಿಗೆ. ಅವರಿಗೂ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನಂಥವನು ದಿನವೂ ಪಕ್ಷ ಬದಲಿಸಿದರೂ ಅನರ್ಹನಾಗುವುದಿಲ್ಲ, ಯಾರೂ ರೆಸಾರ್ಟಿಗೆ ಕರೆದೊಯ್ಯುವುದೂ ಇಲ್ಲ. ಸೈಕಲ್ ಮೇಲಿದ್ದಾಗ ಬೈಕಿನವರೆಲ್ಲ ನನಗೆ ಗಾಳಿ ಕೆಡಿಸುವ, ಕಿವಿ ಕಿವುಡು ಮಾಡುವ, ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಅಲ್ಲಿಗೆ ಬೇಗ ಹೋಗಬೇಕೆನ್ನುವ ಜನ. ಬೈಕ್ ಮೇಲೆ ಕೂತ ಕೂಡಲೇ ಸೈಕಲಿನವರೆಲ್ಲ ಹಿಂದೆ ನೋಡದ, ಕೈ ತೋರಿಸದ, ರಸ್ತೆಯಲ್ಲಿ ವಾಯುಸೇವನೆ ಮಾಡುವ ಜನ. ಎರಡೂ ನನ್ನ ಪ್ರಾಮಾಣಿಕ ಅಭಿಪ್ರಾಯಗಳೇ. ತಲೆ ಒಂದೇ, ಹೆಲ್ಮೆಟ್ ಬದಲಾದರೆ ಒಳಗಿನ ಸಿದ್ಧಾಂತವೂ ಬದಲಾಗುತ್ತದೆ.

ಸೈಕಲಿಗೂ ಬೈಕಿಗೂ ಇರುವುದು ದಾಯಾದಿ ಮತ್ಸರ. ಇವತ್ತಿನ ರೂಪದ ಸೈಕಲ್ಲೂ ಮೊದಲ ಬೈಕೂ ಹುಟ್ಟಿದ ವರ್ಷವೂ ಒಂದೇ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ರೋವರ್ ಎಂಬ ಸೈಕಲ್ ಹೊರತಂದ. ಎರಡೂ ಗಾಲಿ ಹೆಚ್ಚುಕಡಿಮೆ ಸಮ, ಪೆಡಲಿನಿಂದ ಹಿಂದಿನ ಗಾಲಿಗೆ ಚೈನು. ನಮ್ಮ ಹಾಲಿನವರ ಸೈಕಲ್ಲಿನ ಅಸ್ಥಿಪಂಜರ ಇವತ್ತಿಗೂ ಅದೇ. ಅದೇ 1885ರಲ್ಲಿ ಜರ್ಮನಿಯಲ್ಲಿ ಡೈಮ್ಲರ್ ಮತ್ತು ಮೇಬಾಕ್ ಎಂಬಿಬ್ಬರು ಸೇರಿ ಮರದ ಚೌಕಟ್ಟಿಗೆ ಅರ್ಧ ಅಶ್ವಶಕ್ತಿಯ ಎಂಜಿನ್ ಕೂರಿಸಿದರು. ಲೋಕದ ಮೊದಲ ಮೋಟಾರ್ ಸೈಕಲ್ ಎಂಬ ಬಿರುದು ಸಾಮಾನ್ಯವಾಗಿ ಅದಕ್ಕೇ ಸಲ್ಲುತ್ತದೆ. ಬೀಳದಿರಲೆಂದು ಆಚೆಗೊಂದು ಈಚೆಗೊಂದು ಪುಟ್ಟ ಗಾಲಿ ಬೇರೆ. ಈಗ ಎಲ್‌ಕೆಜಿ ಮಕ್ಕಳ ಸೈಕಲ್ಲಿಗೆ ಹಾಕಿಸುತ್ತೇವಲ್ಲ, ಅವೇ. ವೇಗ ಗಂಟೆಗೆ ಹನ್ನೊಂದು ಕಿಲೋಮೀಟರ್ ಆಸುಪಾಸು. ಆವತ್ತು ಸ್ಟಾರ್ಲಿಯ ಸೈಕಲ್ ಹಿಂದಿನಿಂದ ಬಂದು ಬೆಲ್ ಬಾರಿಸಿದ್ದರೆ ಮೋಟಾರ್ ಸೈಕಲ್ಲೇ ಬದಿಗೆ ಸರಿಯಬೇಕಾಗಿತ್ತು. ಎಂಜಿನ್ ಹೊತ್ತಿಸುವ ಬಿಸಿ ಕೊಳವೆ ಸೀಟಿನ ಕೆಳಗೇ ಇದ್ದುದರಿಂದ ಓಡಿಸುವಾಗ ಸೀಟಿಗೆ ಬೆಂಕಿ ಹತ್ತಿತೆಂಬ ಕಥೆಯೂ ಇದೆ. ಸಿಗ್ನಲ್‌ನಲ್ಲಿ ಬೈಕಿನವರು ಇವತ್ತಿಗೂ ಕೂತಲ್ಲಿ ಕೂರಲಾರದೆ ಒದ್ದಾಡುವುದಕ್ಕೆ ಅದೇ ಕಾರಣವಿರಬೇಕು.

ಮುಂದಿನ ತಲೆಮಾರುಗಳನ್ನು ಕೆದಕಿದರೂ ಅಷ್ಟೇ. ಎನ್‌ಫೀಲ್ಡ್ ಕಂಪನಿ ಮೊದಲು ಸೈಕಲ್ ಮಾಡಿ, ಆಮೇಲೆ 1901ರಲ್ಲಿ ಮೋಟಾರ್ ಸೈಕಲಿಗೆ ಕೈಹಾಕಿತು. ಜಪಾನಿನ ಸೊಯಿಚಿರೊ ಹೋಂಡಾ ಎರಡನೇ ಮಹಾಯುದ್ಧದ ನಂತರ ಸೈನ್ಯದಲ್ಲಿ ಮಿಕ್ಕ ಪುಟಾಣಿ ಎಂಜಿನ್‌ಗಳನ್ನು ಸೈಕಲಿಗೆ ಕಟ್ಟಿ ಮಾರಿಯೇ ಮೇಲೆ ಬಂದವನು. ಲೂಧಿಯಾನದಲ್ಲಿ 1956ರಲ್ಲಿ ಸೈಕಲ್ ಕಾರ್ಖಾನೆ ತೆರೆದ ಹೀರೋದವರು 1984ರಲ್ಲಿ ಆ ಹೋಂಡಾ ಮನೆತನದ ಜೊತೆ ಸಂಬಂಧ ಬೆಳೆಸಿದರು. ಅಂದರೆ ಇವತ್ತು ನಮ್ಮ ಹಿಂದೆ ನಿಂತು ಪೀಂಗುಡುವ ಬೈಕಿನ ವಂಶಾವಳಿ ಬಿಚ್ಚಿದರೆ ಎಲ್ಲೋ ಒಂದು ಕಡೆ ಪೆಡಲ್ ಸಿಗುತ್ತದೆ. ಆದರೂ ಬೈಕು ಸೈಕಲನ್ನು ನೋಡುವ ನೋಟವಿದೆಯಲ್ಲ, ಅದು ಬೆಂಗಳೂರು ಸೇರಿ ಫ್ಲ್ಯಾಟ್ ಕೊಂಡವನು ಊರ ಜಾತ್ರೆಯಲ್ಲಿ ಎದುರಾದ ದೊಡ್ಡಪ್ಪನ ಮಗನನ್ನು ನೋಡುವ ನೋಟ. ಗುರುತು ಸಿಗುತ್ತದೆ, ಆದರೆ ಹಾರ್ನ್ ಹೊಡೆದು ಮುಂದೆ ಹೋಗುತ್ತಾನೆ.

ಈ ಮತ್ಸರ ಬೆಳೆಯಲು ಮೈಸೂರಿಗಿಂತ ಪ್ರಶಸ್ತವಾದ ಊರಿಲ್ಲ. ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದುದು ಇಲ್ಲಿನ ಯಾದವಗಿರಿಯಲ್ಲೇ. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅದರ ಭಕ್ತರಿಗೆ ಅದಿನ್ನೂ ಮುಚ್ಚಿಲ್ಲ. ಆ ಬೈಕಿನಲ್ಲಿ ಕಿಕ್ಕರೇ ಗೇರ್ ಲಿವರ್. ಸ್ಟಾರ್ಟ್ ಆಗುವವರೆಗೆ ಒದೆಯುವುದು, ಆದ ಮೇಲೆ ಅದನ್ನೇ ಮಡಿಸಿ ಓಲೈಸುವುದು. ಅದೇ ಮೈಸೂರು 2017ರಲ್ಲಿ ಸಾರ್ವಜನಿಕರಿಗೆ ಬಾಡಿಗೆ ಸೈಕಲ್ ಕೊಡುವ ಯೋಜನೆ ತಂದು ಅದಕ್ಕೆ ಟ್ರಿಣ್ ಟ್ರಿಣ್ ಎಂದು ಹೆಸರಿಟ್ಟಿತು. ಹೆಸರಿಟ್ಟವರು ತೀರ ಆಶಾವಾದಿಗಳು. ಕಿವಿಯಲ್ಲಿ ಇಯರ್‌ಫೋನು, ಅದರ ಮೇಲೆ ಹೆಲ್ಮೆಟ್ಟು, ಕೆಳಗೆ ಎಂಜಿನ್ನು; ಇಷ್ಟನ್ನೂ ದಾಟಿಕೊಂಡು ಯಾವ ಟ್ರಿಣ್ ಯಾರ ಕಿವಿಗೆ ಬಿದ್ದೀತು? ಬೆಲ್ ಬಾರಿಸುವವನು ಕೇಳಿಕೊಳ್ಳುತ್ತಾನೆ, ಹಾರ್ನ್ ಹೊಡೆಯುವವನು ಅಪ್ಪಣೆ ಮಾಡುತ್ತಾನೆ. ಪಟಾಕಿ ಸಿಡಿಸುವ ಸೈಲೆನ್ಸರ್ ಹಾಕಿಸಿದವನಿಗೆ ಹಾರ್ನೂ ಬೇಡ. ಅಂಥ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ಚಿತ್ರ ಪೇಪರಿನಲ್ಲಿ ಬಂದ ದಿನ ಬೆಳಗಿನ ಪಕ್ಷದಲ್ಲಿ ಹಬ್ಬ.

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಈ ಸಂಬಂಧದ ಎಲ್ಲ ಮುಖಗಳನ್ನೂ ಒಂದೇ ಮುಂಜಾನೆ ನೋಡಬಹುದು. ಏರಿನಲ್ಲಿ ಸೈಕಲಿನವನು ನಾಲಿಗೆ ಹೊರಗೆ ಬರುವಂತೆ ತುಳಿಯುತ್ತಿರುತ್ತಾನೆ. ಪಕ್ಕದಲ್ಲಿ ಬೈಕೊಂದು ಬಂದು ಅದೇ ವೇಗಕ್ಕೆ ಇಳಿಯುತ್ತದೆ. ಹಿಂದೆ ಕೂತವನು ಮೊಬೈಲ್ ಹಿಡಿದು, "ಸೂಪರ್ ಸಾರ್, ಇನ್ನೇನು ಬಂದೇಬಿಡ್ತು, ತುಳೀರಿ" ಎನ್ನುತ್ತಾನೆ. ಬಂದೇಬಿಟ್ಟಿಲ್ಲವೆಂಬುದು ಇಬ್ಬರಿಗೂ ಗೊತ್ತು. ಆ ಹೊತ್ತಿನಲ್ಲಿ ಪ್ರೋತ್ಸಾಹಕ್ಕಿಂತ ದೊಡ್ಡ ಹಿಂಸೆ ಬೇರೆ ಇಲ್ಲ. ಉತ್ತರ ಕೊಡಲು ಉಸಿರಿಲ್ಲ, ಬೈಯಲು ಮೊದಲೇ ಇಲ್ಲ. ನಂದಿಯ ಹತ್ತಿರದ ತಿರುವಿನಲ್ಲಿ ಅದೇ ಬೈಕಿನವರು ಸೆಲ್ಫಿಗಾಗಿ ಅರ್ಧ ರಸ್ತೆ ಹಿಡಿದು ನಿಂತಿರುತ್ತಾರೆ.

ಸೇಡು ತೀರುವುದು ಇಳಿಜಾರಿನಲ್ಲಿ. ಬೆಟ್ಟ ಇಳಿಯುವ ಸೈಕಲ್ ಬೈಕನ್ನು ಹಿಂದೆ ಹಾಕಿತೆನ್ನಿ, ಆ ಸವಾರನ ಮುಖವನ್ನು ಕನ್ನಡಿಯಲ್ಲಿ ನೋಡುವ ಭಾಗ್ಯ ಸೈಕಲಿನವನಿಗಿಲ್ಲ, ಸೈಕಲಿಗೆ ಕನ್ನಡಿಯೇ ಇರುವುದಿಲ್ಲವಲ್ಲ. ಆದರೆ ಹಿಂದೆ ಗೇರ್ ಬದಲಾದ ಸದ್ದು ಕೇಳುತ್ತದೆ. ಕಾರು ಮುಂದೆ ಹೋದರೆ, ಬಸ್ಸು ಮುಂದೆ ಹೋದರೆ, ಆಟೋ ಅಡ್ಡಾದಿಡ್ಡಿ ಮುಂದೆ ಹೋದರೂ ಸಹಿಸಿಕೊಳ್ಳುವ ಬೈಕಿನವನು ಸೈಕಲ್ ಮುಂದೆ ಹೋದರೆ ಮಾತ್ರ ಸಹಿಸಲಾರ. ದಾಯಾದಿ ಗೆದ್ದನಲ್ಲ! ಟ್ರಾಫಿಕ್ ಜಾಮ್‌ನಲ್ಲಂತೂ ಸೈಕಲಿನವನು ಇಳಿದು, ಸೈಕಲನ್ನೇ ಎತ್ತಿ ಹೆಗಲಿಗೇರಿಸಿ, ಡಿವೈಡರ್ ದಾಟಿ ಹೋಗಿಬಿಡುತ್ತಾನೆ. ಆಗ ಸಾಲಿನಲ್ಲಿ ಸಿಕ್ಕಿಬಿದ್ದ ಬೈಕುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತವೆ. ಯಾರಿಗೆಂದು ಯಾರಿಗೂ ಗೊತ್ತಿಲ್ಲ.

ಬೈಕ್ ಪಕ್ಷದ ದೂರುಗಳನ್ನೂ ಕೇಳಬೇಕು, ಅಲ್ಲಿಯೂ ನಾನು ಸದಸ್ಯನೇ. ಕತ್ತಲಲ್ಲಿ, ದೀಪವಿಲ್ಲದೆ, ರಾಂಗ್ ಸೈಡಿನಲ್ಲಿ ಎದುರಿಗೆ ಬರುವ ಸೈಕಲ್ ಕೊನೆಯ ಕ್ಷಣದವರೆಗೂ ಕಾಣುವುದಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟ್ ಹಗಲೂ ಉರಿಯುತ್ತಲೇ ಇರಬೇಕೆಂದು ನಿಯಮವಾಯಿತು. ಆರಿಸುವ ಸ್ವಿಚ್ಚೇ ಇಲ್ಲ. ಹಗಲು ಹೊತ್ತು ಎದುರಾದವರೆಲ್ಲ ಐದೂ ಬೆರಳು ಮುಚ್ಚಿ ಬಿಚ್ಚಿ "ಲೈಟ್, ಲೈಟ್" ಎಂದು ತಿಳಿಸಿದ್ದೇ ತಿಳಿಸಿದ್ದು. ಹೀಗೆ ಮಟಮಟ ಮಧ್ಯಾಹ್ನ ದೀಪ ಹಚ್ಚಿಕೊಂಡು ಓಡಾಡುವವರು ಒಂದು ಕಡೆ, ಅಮಾವಾಸ್ಯೆಯಲ್ಲೂ ದೀಪವಿಲ್ಲದೆ ಬರುವವರು ಇನ್ನೊಂದು ಕಡೆ. ಹಿಂದೆ ಹೀಗಿರಲಿಲ್ಲ. ಡೈನಮೋ ದೀಪವಿಲ್ಲದ ಸೈಕಲನ್ನೂ ಡಬಲ್ ರೈಡಿಂಗನ್ನೂ ಪೊಲೀಸರು ಹಿಡಿಯುತ್ತಿದ್ದರು. ಪೇದೆ ದೂರದಲ್ಲಿ ಕಂಡೊಡನೆ ಹಿಂದಿನವನು ಹಾರಿಕೊಳ್ಳುವುದು, ಅಪರಿಚಿತನಂತೆ ನಡೆದು ಹೋಗುವುದು, ಮುಂದಿನ ತಿರುವಿನಲ್ಲಿ ಮತ್ತೆ ಹತ್ತಿಕೊಳ್ಳುವುದು ಒಂದು ತಲೆಮಾರಿನ ಗಂಡಸರಿಗೆಲ್ಲ ಬರುತ್ತಿದ್ದ ವಿದ್ಯೆ.

ವಾದ ಬಿಸಿಯಾದಾಗ ಬೈಕಿನವನು ಹೊರತೆಗೆಯುವ ಬ್ರಹ್ಮಾಸ್ತ್ರ ಒಂದಿದೆ: "ರೋಡ್ ಟ್ಯಾಕ್ಸ್ ಕಟ್ಟಿದೀನಿ ಸ್ವಾಮಿ, ಲೈಫ್‌ಟೈಮು. ನೀವೇನ್ ಕಟ್ಟಿದೀರ?" ಇದಕ್ಕೆ ಸೈಕಲಿನವನ ಬಳಿ ಉತ್ತರವಿಲ್ಲವೆಂದುಕೊಳ್ಳಬೇಡಿ. ಒಂದು ಕಾಲಕ್ಕೆ ಪುರಸಭೆಗೆ ಸೈಕಲ್ ತೆರಿಗೆ ಕಟ್ಟಿ, ಬಿಲ್ಲೆ ಪಡೆದು ಸೈಕಲಿಗೆ ತೂಗುಹಾಕಿಕೊಂಡು ಓಡಾಡಿದ ವಂಶ ಅದು. ಜೊತೆಗೆ ಹನ್ನೆರಡು ಹದಿನೈದು ಕಿಲೋ ತೂಗುವ ಸೈಕಲ್ ಓಡಾಡಿ ಯಾವ ರಸ್ತೆಯಲ್ಲೂ ಗುಂಡಿ ಬಿದ್ದ ದಾಖಲೆಯಿಲ್ಲ. ಸೈಕಲಿನವನು ಗುಂಡಿಗೆ ಬೀಳುತ್ತಾನೆ, ಅಷ್ಟೇ.

ತಮಾಷೆಯೆಂದರೆ ಸೈಕಲಿನವರೆಲ್ಲ ಬೈಕಿನವನ ಕಣ್ಣಿಗೆ ಒಂದೇ ಅಲ್ಲ. ಭಾನುವಾರ ಮೈಗಂಟುವ ಬಣ್ಣದ ಅಂಗಿ ತೊಟ್ಟು, ಹೆಲ್ಮೆಟ್ ಹಾಕಿ, ಹಿಂದೆ ಮಿಣಮಿಣ ಕೆಂಪು ದೀಪ ಹಚ್ಚಿ, ಲಕ್ಷಕ್ಕೂ ಮೀರಿದ ಕಾರ್ಬನ್ ಸೈಕಲ್ ಮೇಲೆ ಹೊರಟವನನ್ನು ಬೈಕಿನವನು "ಸಾರ್" ಎನ್ನುತ್ತಾನೆ. ಸಿಗ್ನಲ್‌ನಲ್ಲಿ ನಿಂತಾಗ ಗೇರೆಷ್ಟು, ರೇಟೆಷ್ಟು ಎಂದು ವಿಚಾರಿಸುತ್ತಾನೆ. ರೇಟು ಕೇಳಿದ ಮೇಲೆ ತನ್ನ ಬೈಕನ್ನೊಮ್ಮೆ ನೋಡಿಕೊಳ್ಳುತ್ತಾನೆ. ಅದೇ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಹ್ಯಾಂಡಲಿಗೆ ಟಿಫನ್ ಕ್ಯಾರಿಯರ್ ತೂಗುಹಾಕಿಕೊಂಡು ಬರುವ ಸೆಕ್ಯುರಿಟಿಯವನ ಸೈಕಲಿಗೆ ಮಾತ್ರ "ಏಯ್, ಸೈಡಿಗ್ ಹೋಗಯ್ಯ" ಎಂಬ ಪೂಜೆ. ಮೊದಲನೆಯವನು ಸೈಕಲ್ ತುಳಿಯುವುದು ಹೊಟ್ಟೆ ಕರಗಿಸಲು, ಎರಡನೆಯವನು ಹೊಟ್ಟೆ ತುಂಬಿಸಲು. ರಸ್ತೆಯಲ್ಲಿ ಹೆಚ್ಚು ಅವಸರ ಇರುವುದು ಎರಡನೆಯವನಿಗೆ, ಮರ್ಯಾದೆ ಸಿಗುವುದು ಮೊದಲನೆಯವನಿಗೆ. ನಿನ್ನೆ ಸೈಕಲ್ ತುಳಿದು ಇವತ್ತು ಕಂತಿನ ಮೇಲೆ ಬೈಕ್ ಕೊಂಡವನೇ ಎಲ್ಲರಿಗಿಂತ ಜೋರಾಗಿ "ಏಯ್" ಎನ್ನುತ್ತಾನೆ. ಬಿಟ್ಟುಬಂದ ಸೀಟು ಅವನಿಗಿನ್ನೂ ಚುಚ್ಚುತ್ತಿರುತ್ತದೆ.

ಹಾರ್ನಿಗೆ ಅಂಜದ ಸೈಕಲ್ ಪಡೆಯೊಂದಿದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತಲ್ಲ, ಅವತ್ತು ಹುಟ್ಟಿದ ಪಡೆ ಅದು. ಹಳ್ಳಿ ರಸ್ತೆಯಲ್ಲಿ ನಾಲ್ಕು ಹುಡುಗಿಯರು ಅಕ್ಕಪಕ್ಕ ಸಾಲಾಗಿ, ಮೇಷ್ಟರ ಸುದ್ದಿ ಮಾತಾಡುತ್ತ ಹೊರಟರೆಂದರೆ ಹಿಂದಿನಿಂದ ಬಂದ ಬುಲೆಟ್ ಎಷ್ಟು ಗುಡುಗಿದರೂ ಮಾತು ಮುಗಿಯುವವರೆಗೆ ದಾರಿಯಿಲ್ಲ. ಮೀಸೆ ತಿರುವಿದ ಗೌಡರೂ ಫಸ್ಟ್ ಗೇರಿನಲ್ಲಿ ಹಿಂದೆ ಹಿಂದೆ ಬರುತ್ತಾರೆ.

ಎರಡು ಪಕ್ಷದ ನಡುವೆ ಪಕ್ಷೇತರರೂ ಉಂಟು. 1972ರಲ್ಲಿ ಲೂನಾ ಬಂತು. ಪೆಟ್ರೋಲ್ ಇರುವವರೆಗೆ ಅದು ಬೈಕು, ಮುಗಿದ ಮೇಲೆ ಪೆಡಲ್ ತುಳಿದರೆ ಸೈಕಲ್ಲು, ಏರಿನಲ್ಲಿ ಎರಡರ ಸಮ್ಮಿಶ್ರ ಸರ್ಕಾರ. ಈಗಿನ ಪಕ್ಷೇತರರು ಬ್ಯಾಟರಿಯವರು. ಮೋಟಾರು 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಬೆನ್ನ ಮೇಲೆ ಊಟದ ಡಬ್ಬ ಹೊತ್ತ ಹುಡುಗರು ಅದರಲ್ಲಿ ಸದ್ದಿಲ್ಲದೆ ಬಂದು ಸೈಕಲಿನವನನ್ನೂ ಬೈಕಿನವನನ್ನೂ ಒಟ್ಟಿಗೆ ಬೆಚ್ಚಿಬೀಳಿಸುತ್ತಾರೆ. ಆ ಒಂದು ಕ್ಷಣದ ಮಟ್ಟಿಗೆ ದಾಯಾದಿಗಳಿಬ್ಬರೂ ಒಂದೇ ಮಾತನ್ನು ಒಂದೇ ಸ್ವರದಲ್ಲಿ ಆಡುತ್ತಾರೆ. ಅದನ್ನಿಲ್ಲಿ ಬರೆಯುವಂತಿಲ್ಲ.

ಆಸ್ತಿ ಭಾಗ ಮಾಡಿಕೊಟ್ಟರೆ ಜಗಳ ನಿಂತೀತೆಂದು ಸರ್ಕಾರವೂ ನೋಡಿತು. ಸೈಕಲಿಗೆಂದು ಮೀಸಲಿಟ್ಟ ಪಥದಲ್ಲಿ ಮೋಟಾರು ವಾಹನ ಓಡಿಸಕೂಡದೆಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಆಗ ಪಥವಿರಲಿಲ್ಲ, ನಿಯಮ ಸುಖವಾಗಿತ್ತು. 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ನಿಜವಾಗಿಯೂ ಪಥ ಮಾಡಿ, ಬಣ್ಣ ಬಳಿದು, ಸಾಲಾಗಿ ಪ್ಲಾಸ್ಟಿಕ್ ಗೂಟ ನೆಟ್ಟರು. ಬೈಕಿನವರಿಗೆ ಆನಂದಬಾಷ್ಪ ಬಂತು. ಇಷ್ಟು ವರ್ಷದ ಮೇಲೆ ಕಾರುಗಳ ಕಾಟವಿಲ್ಲದ ಓಣಿಯೊಂದನ್ನು ತಮಗಾಗಿ ಯಾರೋ ಮಾಡಿದ್ದಾರೆಂದು ನುಗ್ಗಿದರು. ಗೂಟಗಳು ಒಂದೊಂದಾಗಿ ನೆಲಕ್ಕೊರಗಿದವು. ಆಮೇಲೆ ಆ ಪಥದಲ್ಲಿ ಹೊರಟ ಸೈಕಲಿನವನಿಗೇ ಹಿಂದಿನಿಂದ ಹಾರ್ನು, "ಗುರು, ಸೈಡ್ ಬಿಡು."

ಇಷ್ಟಕ್ಕೂ ನಾವು ಕಾದಾಡುತ್ತಿರುವುದು ಯಾವ ಸಾಮ್ರಾಜ್ಯಕ್ಕೆ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ತಯಾರಾಯಿತು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶ ನಿಷೇಧವಾಯಿತು. ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದವನು, ಕಟ್ಟದವನು, ಕಾರ್ಬನ್ ಸೈಕಲಿನವನು, ಟಿಫನ್ ಕ್ಯಾರಿಯರಿನವನು ಎಲ್ಲರನ್ನೂ ಒಂದೇ ಪಟ್ಟಿಗೆ ಸೇರಿಸಿ ಸರ್ವಿಸ್ ರಸ್ತೆಗೆ ಕಳಿಸಿದರು. ಅಲ್ಲಿ ಇಬ್ಬರೂ ಸೇರಿ ಹೊಸದಾಗಿ ಜಗಳ ಶುರುಮಾಡಿದ್ದೇವೆ.

ಆದ್ದರಿಂದ ಎರಡೂ ಪಕ್ಷಗಳ ಪ್ರಾಥಮಿಕ ಸದಸ್ಯನಾಗಿ ನನ್ನದೊಂದು ಮನವಿ. ಬೈಕಿನವರೇ, ಸೈಕಲನ್ನು ದಾಟುವಾಗ ಎರಡು ಮೊಳ ಜಾಗ ಬಿಡಿ, ಬೆನ್ನ ಹಿಂದೆ ಬಂದು ಹಾರ್ನ್ ಹೊಡೆಯಬೇಡಿ. ಬೆಚ್ಚಿದವನು ಬೀಳುವುದು ನಿಮ್ಮ ಗಾಲಿಯ ಕೆಳಗೇ. ಸೈಕಲಿನವರೇ, ಹಿಂದೊಂದು ಕೆಂಪು ದೀಪ ಕಟ್ಟಿ, ತಿರುಗುವ ಮೊದಲು ಕೈ ತೋರಿಸಿ, ರಾಂಗ್ ಸೈಡ್ ಬಿಡಿ. ರಸ್ತೆಯ ಎಡಬದಿಯ ಮೂರಡಿಯೇ ನಮ್ಮಿಬ್ಬರಿಗೂ ಉಳಿದಿರುವ ಪಿತ್ರಾರ್ಜಿತ. ಸದ್ಯಕ್ಕೆ ಅಲ್ಲಿ ಯಾರೋ ಕಾರು ನಿಲ್ಲಿಸಿ ಹೋಗಿದ್ದಾರೆ.