ಬಿಟ್ಟಿಖಂಡನ ದರ್ಪಣ: ತಾಳಗುಪ್ಪ ಸಂಪ್ರದಾಯದ ಮಿತವ್ಯಯಶಾಸ್ತ್ರ

ಯಾವ ಸರ್ಕಾರ ಬಂದರೂ ಖಾಲಿಯಾಗಿಯೇ ಇರುವ, ಖಾಲಿಯಿದ್ದೂ ಬಜೆಟ್ಟು ಬಂದಾಗಲೆಲ್ಲ ಲಕ್ಷಾಂತರ ಕೋಟಿ ಹಡೆಯುವ ಖಜಾನೆಯೆಂಬ ದೇವತೆಗೆ ಮೊದಲು ನಮಸ್ಕಾರ. ಗ್ರಂಥಾರಂಭದಲ್ಲಿ ಇಷ್ಟದೇವತೆಯ ಸ್ತುತಿ ಇರಬೇಕೆಂಬುದು ಹಿಂದಿನವರ ಕಟ್ಟಳೆ. ಮುಂದಿನದನ್ನು ವ್ಯಾಕರಣಕಾರ ಕೇಶಿರಾಜನ ದಾರಿಯಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂದು ವಿಂಗಡಿಸಿ ಹೇಳುತ್ತೇನೆ. ಶಬ್ದಕ್ಕೆ ಮಣಿದರ್ಪಣ ಹಿಡಿದು ಏಳೆಂಟು ಶತಮಾನವೇ ಆಯಿತು. ಸಬ್ಸಿಡಿಗೆ ಹಿಡಿದವರು ಮಾತ್ರ ಈವರೆಗೆ ಯಾರೂ ಇರಲಿಲ್ಲ.

ಕ್ಷೇತ್ರನಿರ್ಣಯ

ಈ ಶಾಸ್ತ್ರಕ್ಕೆ ಬೆಂಗಳೂರಿನ ಪಾಠವೂ ಇದೆ, ದೆಹಲಿಯ ಪಾಠವೂ ಇದೆ. ಆದರೆ ಶುದ್ಧಪಾಠ ಸಿಗುವುದು ಸಾಗರ ತಾಲ್ಲೂಕಿನ ತಾಳಗುಪ್ಪದಲ್ಲಿ. 1940ರಲ್ಲಿ ಇಲ್ಲಿಗೆ ಬಂದ ರೈಲು ಮುಂದೆ ಹೋಗಲೇ ಇಲ್ಲ. ಹೊನ್ನಾವರಕ್ಕೆ ಹೋಗುತ್ತದಂತೆ, ಸಿರ್ಸಿಯ ಮೇಲೆ ಹುಬ್ಬಳ್ಳಿಗೆ ಹೋಗುತ್ತದಂತೆ ಎಂಬ ಮಾತು ಕೇಳಿ ಕೇಳಿ ಎರಡು ತಲೆಮಾರಿನ ಕೂದಲು ನೆರೆಯಿತು. ಮೀಟರ್ ಗೇಜಿನ ಮೇಲೆ ಪುಟ್ಟ ರೈಲುಬಸ್ಸು ಓಡಿತು, 2011ಕ್ಕೆ ಬ್ರಾಡ್‌ಗೇಜ್ ಆಯಿತು, ಬೆಂಗಳೂರಿನ ಗಾಡಿಯೂ ಬಂತು. ಹಳಿ ಮಾತ್ರ ಇದ್ದಲ್ಲಿಗೇ ನಿಂತಿದೆ. ಹಳಿ ಮುಗಿದ ಊರಿನಲ್ಲಿ ಕುಳಿತವನಿಗೆ ಸರ್ಕಾರದ ಖರ್ಚಿನ ಬಗ್ಗೆ ಯೋಚಿಸಲು ಬೇಕಾದಷ್ಟು ವ್ಯವಧಾನವಿರುತ್ತದೆ.

ಇಲ್ಲಿನ ಮಿತವ್ಯಯಿಗಳ ಗುರುಕುಲಗಳು ಮೂರು: ಬಸ್‌ಸ್ಟ್ಯಾಂಡ್ ಬಳಿಯ ಚಾ ಅಂಗಡಿ, ಸೊಸೈಟಿಯ ಜಗಲಿ, ಸಾಗರದ ಅಡಿಕೆ ಮಂಡಿ. ಮೊದಲನೆಯದರಲ್ಲಿ ರಾಜ್ಯದ ಸಾಲ, ಎರಡನೆಯದರಲ್ಲಿ ಸ್ವಂತದ ಸಾಲ, ಮೂರನೆಯದರಲ್ಲಿ ಅಡಿಕೆಯ ಧಾರಣೆ ಚರ್ಚೆಗೆ ಬರುತ್ತದೆ. ಮೂರೂ ಕಡೆ ವಿದ್ವಾಂಸರು ಅವರೇ. ಒಂದು ಕಡೆ ಹೇಳಿದ ಸಿದ್ಧಾಂತವನ್ನು ಇನ್ನೊಂದು ಕಡೆಗೆ ಒಯ್ಯಬಾರದೆಂಬ ಸಂಯಮವನ್ನು ಅವರೆಲ್ಲರೂ ಪಾಲಿಸುತ್ತಾರೆ.

ಸೂತ್ರ: ಪರರ ಖಾತೆಗೆ ಬಿದ್ದುದು ಬಿಟ್ಟಿ, ನಮ್ಮ ಖಾತೆಗೆ ಬಿದ್ದುದು ಬೆಂಬಲ

ವೃತ್ತಿ: ಸರ್ಕಾರ ಕೊಟ್ಟ ರೂಪಾಯಿ ತನ್ನಷ್ಟಕ್ಕೆ ನಿರ್ಗುಣ. ಅದು ಯಾರ ಖಾತೆಗೆ ಜಮಾ ಆಯಿತು ಎಂಬುದರಿಂದ ಅದಕ್ಕೆ ಗುಣ ಬರುತ್ತದೆ.

ಪ್ರಯೋಗ: 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡದೆ ಓಡಾಡತೊಡಗಿದರು. ಅಂದೇ ತಾಳಗುಪ್ಪ ಪಂಥದಲ್ಲಿ ದೊಡ್ಡದೊಂದು ಖಂಡನಗ್ರಂಥ ಹುಟ್ಟಿತು. ಆದರೆ ಮಲೆನಾಡಿನ ಎಷ್ಟೋ ಒಳದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿನ ಹೆಂಗಸರು ಇವತ್ತಿಗೂ ಟಿಕೆಟ್ಟು ಹರಿಸಿಕೊಂಡೇ ಸಾಗರಕ್ಕೆ ಹೋಗುತ್ತಾರೆ. ಬಾರದ ಬಸ್ಸಿನ ಖರ್ಚನ್ನೂ ಖಂಡಿಸಿದ್ದು ಈ ಗ್ರಂಥದ ಹಿರಿಮೆ. ಇದರ ಕರ್ತೃ ಬೆಂಗಳೂರಿಗೆ ಹೊರಟದ್ದು ರೈಲಿನಲ್ಲಿ. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ರೈಲ್ವೆ ವಸೂಲು ಮಾಡುತ್ತದೆ ಎಂದು ಟಿಕೆಟ್ಟಿನ ಮೇಲೇ ಅಚ್ಚುಹಾಕಿರುತ್ತಿತ್ತು. ಉಳಿದ 43 ಎಲ್ಲಿಂದ ಬಂತು ಎಂದು ಒಬ್ಬ ಶಿಷ್ಯ ಕೇಳಿದ. ‘ಮಾರಾಯ, ಅದು ಬೇರೆ’ ಎಂದರು ಗುರುಗಳು.

ಇನ್ನೂ ಪ್ರಯೋಗಗಳಿವೆ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಸೊನ್ನೆ. ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸುತ್ತೇವೆ ಎಂದು 2023ರ ಫೆಬ್ರುವರಿಯಲ್ಲಿ ಒಂದು ಪಕ್ಷದ ಬಜೆಟ್ಟು ಹೇಳಿತು, ಜುಲೈಯಲ್ಲಿ ಇನ್ನೊಂದು ಪಕ್ಷದ ಬಜೆಟ್ಟು ಹೇಳಿತು. ಎರಡಕ್ಕೂ ಜಗಲಿಯಲ್ಲಿ ಖಂಡನೆ ಹುಟ್ಟಲಿಲ್ಲ. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. 2018ರಲ್ಲಿ ಸಾಲ ಮನ್ನಾ ಆಯಿತು. ಹೊರದೇಶದ ಅಡಿಕೆ ಅಗ್ಗಕ್ಕೆ ಒಳಬಾರದಂತೆ ಕೇಂದ್ರ ಕಟ್ಟಿದ ಕನಿಷ್ಠ ಆಮದು ದರ ಕಿಲೋಗೆ 251 ಇದ್ದದ್ದು 2023ರಲ್ಲಿ 351 ರೂಪಾಯಿ ಆಯಿತು. ಇವೆಲ್ಲ ಬರುವ ಮೊದಲೇ, ಬ್ರಿಟಿಷರ ಕಾಲದಿಂದಲೂ, ತೋಟದ ಬುಡಕ್ಕೆ ಸೊಪ್ಪು ತರಲೆಂದು ಸರ್ಕಾರದ ಕಾಡಿನಲ್ಲಿ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟವಿದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ಬಡ್ಡಿಗೆ ಲೋಪ, ಸಬ್ಸಿಡಿಗೆ ಆಗಮ, ಮಿಕ್ಕಿದ್ದಕ್ಕೆಲ್ಲ ಸರ್ಕಾರಿ ಆದೇಶ.

ಇವು ಅನ್ಯಾಯವೆಂದು ಗ್ರಂಥಕರ್ತ ಹೇಳುತ್ತಿಲ್ಲ. ಕೊಳೆರೋಗಕ್ಕೆ ಅರ್ಧ ಫಸಲು ಉದುರಿದ ವರ್ಷ ಸೊನ್ನೆ ಬಡ್ಡಿಯ ಸಾಲವಿಲ್ಲದಿದ್ದರೆ ಸಣ್ಣ ಹಿಡುವಳಿಯವರ ಗತಿ ಏನಾಗುತ್ತಿತ್ತು ಎಂದು ಬಲ್ಲವರು ಬಲ್ಲರು. ಅದೇ ಮಳೆಗಾಲದಲ್ಲಿ ಕೂಲಿ ತಪ್ಪಿದ ಮನೆಯ ಯಜಮಾನಿಗೆ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬಂದರೆ ಅದನ್ನೇಕೆ ಬೇರೆ ಕಣ್ಣಿನಿಂದ ನೋಡಬೇಕು ಎಂಬುದು ಬಿಡಿಸಲಾಗದ ಕಗ್ಗಂಟು.

ಪರಿಭಾಷಾ ಸೂತ್ರ: ಸಿಕ್ಕಿಬಿದ್ದಲ್ಲಿ ‘ಅದು ಬೇರೆ’ ಬರುತ್ತದೆ

ವೃತ್ತಿ: ಇದಕ್ಕೆ ವಿಕಲ್ಪವಿಲ್ಲ, ಅಪವಾದವಿಲ್ಲ.

ಪ್ರಯೋಗ: ತೆರಿಗೆದಾರರ ದುಡ್ಡು ಹಾಳಾಯಿತು ಎಂಬುದು ಪಂಥದ ಘೋಷವಾಕ್ಯ. ಅಡಿಕೆಯ ಆದಾಯ ಕೃಷಿಯ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಸೋಪು, ಬಕೆಟ್ಟು, ಚಪ್ಪಲಿಯ ಮೇಲಿನ ಜಿಎಸ್‌ಟಿ ತೆರುತ್ತೇವಲ್ಲ ಎಂದರೆ ನಿಜ, ಬಸ್ಸು ಹತ್ತಿದ ಹೆಂಗಸೂ ತೆರುತ್ತಾಳೆ. ಇನ್ನು ಗೃಹಲಕ್ಷ್ಮಿ. ಆದಾಯ ತೆರಿಗೆ ಕಟ್ಟುವವರ, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರ ಮನೆಯ ಯಜಮಾನಿಗೆ ಆ ಹಣ ಇಲ್ಲ. ಆದಾಯ ತೆರಿಗೆಯೇ ಇಲ್ಲದ ತೋಟದ ಮನೆಗೆ ಬರಲು ನಿಯಮದ ಅಡ್ಡಿಯಿಲ್ಲ. ಆದ್ದರಿಂದ ಪಂಥದ ಹಿರಿಯ ಭಾಷ್ಯಕಾರರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕವಳ ಹಾಕುತ್ತ ರಾಜ್ಯದ ದಿವಾಳಿಯನ್ನು ವಿವರಿಸುತ್ತಿದ್ದಾಗ, ಒಳಗಿನಿಂದ ಅವರ ಮನೆಯವರು ಎರಡು ಸಾವಿರ ಬಂದಿದೆಯಾ ನೋಡಿ ಎಂದು ಮೊಬೈಲು ತಂದು ಕೊಟ್ಟರು. ಭಾಷ್ಯಕಾರರು ನೋಡಿದರು. ಬಂದಿತ್ತು. ಸ್ವಲ್ಪ ಹೊತ್ತು ಶಾಸ್ತ್ರಕ್ಕೆ ವಿರಾಮ ಬಿತ್ತು. ‘ಇದೆಲ್ಲ ಎಷ್ಟು ದಿನ ನಡೀತದೆ’ ಎಂದರು. ‘ನಿಮ್ಮ ಸೊಸೈಟಿ ಸಾಲದ ಬಡ್ಡಿ ಯಾರು ಕಟ್ತಾರೆ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?’ ಎಂದು ಹೇಳಿ ಮನೆಯವರು ಒಳಗೆ ಹೋದರು. ಪಂಥದ ಸಾಹಿತ್ಯದಲ್ಲಿ ಈ ವಾಕ್ಯಕ್ಕೆ ಈವರೆಗೆ ಖಂಡನೆ ಬಂದಿಲ್ಲ.

ಪಾಠಾಂತರಗಳು

ಬಿಟ್ಟಿ ಎಂಬ ಕೃತಿಗೆ ಹಲವು ಹಸ್ತಪ್ರತಿಗಳಿವೆ. 2022ರ ಜುಲೈಯಲ್ಲಿ ಪ್ರಧಾನಿಯವರು ಉತ್ತರ ಪ್ರದೇಶದಲ್ಲಿ ಈ ಕೃತಿಯನ್ನು ರೇವಡಿ, ಅಂದರೆ ಹಂಚುವ ಎಳ್ಳಿನ ಮಿಠಾಯಿ, ಎಂದು ಕರೆದು ತೊಲಗಿಸಬೇಕೆಂದರು. 2023ರ ಮೇ ಒಂದರಂದು ಅವರದೇ ಪಕ್ಷ ಕರ್ನಾಟಕದಲ್ಲಿ ಹೊರತಂದ ಪ್ರಣಾಳಿಕೆಯಲ್ಲಿ ಬಡ ಕುಟುಂಬಕ್ಕೆ ಯುಗಾದಿ, ಚೌತಿ, ದೀಪಾವಳಿಗೆ ಒಂದೊಂದು ಪುಕ್ಕಟೆ ಸಿಲಿಂಡರು, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಕಂಡುಬರುತ್ತದೆ. ಮಧ್ಯಪ್ರದೇಶದ ಪ್ರತಿಯಲ್ಲಿ ಹೆಂಗಸರ ಖಾತೆಗೆ ಹಣ ಹಾಕುವ ಲಾಡ್ಲಿ ಬೆಹನಾ, ಮಹಾರಾಷ್ಟ್ರದ ಪ್ರತಿಯಲ್ಲಿ ತಿಂಗಳಿಗೆ 1,500ರ ಲಾಡಕೀ ಬಹೀಣ್. ಮೂಲಪಾಠ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಜಗಳಕ್ಕೆ ಗ್ರಂಥಸಂಪಾದಕರು ಇಳಿಯದಿರುವುದೇ ಕ್ಷೇಮ. ಕಾಗದ ಎಲ್ಲದರದ್ದೂ ಒಂದೇ ಗಿರಣಿಯದ್ದು.

ಕಟ್ಟಡದ ಖರ್ಚಿಗೆ ಪಂಥ ಉದಾರ. ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು 450 ಕೋಟಿಗೆ ಕಮಲದಾಕಾರದ ವಿಮಾನ ನಿಲ್ದಾಣವಾಯಿತು. 2023ರ ಫೆಬ್ರುವರಿ 27ರಂದು ಉದ್ಘಾಟನೆ, ವಿಮಾನ ಹಾರಿದ್ದು ಆಗಸ್ಟಿನ ಕೊನೆಗೆ. ಅದನ್ನು ನಡೆಸುವುದೂ ರಾಜ್ಯ ಸರ್ಕಾರವೇ. ಬಸ್ಸಿನ ಟಿಕೆಟ್ಟು ಬಿಟ್ಟಿ, ವಿಮಾನದ ರನ್‌ವೇ ಅಭಿವೃದ್ಧಿ ಎಂಬುದನ್ನು ಪಂಥ ಸ್ವಯಂಸಿದ್ಧವೆಂದು ಹಿಡಿಯುತ್ತದೆ.

ನಿಜವಾದ ಮಿತವ್ಯಯಿಗೆ ಬೇಕಾದ ಉದಾಹರಣೆ ಹತ್ತಿರದಲ್ಲೇ ನೀರಿನಡಿ ಇದೆ. 1948ರಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ ಮುಗಿಸಿದರು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಅದನ್ನು ಮುಳುಗಿಸಿದರು. ಹದಿನಾರೇ ವರ್ಷ! ಸರ್ಕಾರ ತಾನು ಮಾಡಿದ ಖರ್ಚನ್ನು ಅದಕ್ಕಿಂತ ದೊಡ್ಡ ಖರ್ಚಿನಿಂದ ಮುಚ್ಚಿದ ಪ್ರಕರಣಕ್ಕೆ ಇದಕ್ಕಿಂತ ಅಕ್ಷರಶಃ ಸಾಕ್ಷಿ ಎಲ್ಲಿಯೂ ಸಿಗಲಾರದು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದರೆ ಹಳೆಯ ಕಟ್ಟೆ ತಲೆ ಎತ್ತುತ್ತದೆ. ಪಂಥದವರು ಅಲ್ಲಿಗೂ ಹೋಗುತ್ತಾರೆ, ಫೋಟೋ ತೆಗೆಸಿಕೊಳ್ಳಲು.

ಮಾನಪ್ರಕರಣ

ಶಾಸ್ತ್ರವೆಂದ ಮೇಲೆ ಅಳತೆಯ ಮಾನ ಬೇಕು. ಅದಕ್ಕಾಗಿ ಮೆಟ್ರಿಕ್ ಪದ್ಧತಿಗೆ ಹೋಗಬೇಕಿಲ್ಲ, ಇದೇ ತಾಲ್ಲೂಕಿನ ಕಾಗೋಡಿಗೆ ಹೋದರೆ ಸಾಕು. 1951ರಲ್ಲಿ ಗೇಣಿದಾರರು ಅಲ್ಲಿ ಹೂಡಿದ ಸತ್ಯಾಗ್ರಹದ ಒಂದು ಮುಖ್ಯ ತಕರಾರು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ್ದು. ಕೊಳಗ ಎಷ್ಟು ಸೇರಿನದು ಎಂಬ ಪ್ರಶ್ನೆಗಾಗಿ ಜನ ಜೈಲಿಗೆ ಹೋದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯ ಪಾತ್ರೆಯ ಮೇಲೆ ಇಷ್ಟು ಗಂಭೀರವಾಗಿ ಚರ್ಚಿಸಿದ ನಾಡು ಇನ್ನೊಂದು ಇದೆಯೋ ಇಲ್ಲವೋ.

ಅಷ್ಟಾದರೂ ಈ ಸೀಮೆಯ ಮಿತವ್ಯಯಿಯ ಅಟ್ಟದ ಮೇಲೆ ಈಗಲೂ ಎರಡು ಕೊಳಗಗಳಿವೆ. ಇನ್ನೊಬ್ಬರಿಗೆ ಹೋದದ್ದನ್ನು ಅಳೆಯುವಾಗ ಚಿಕ್ಕದನ್ನು ಇಳಿಸುತ್ತಾರೆ, ಆಗ ಕೊಳಗಗಳ ಲೆಕ್ಕ ಬಹಳ ಆಗುತ್ತದೆ. ತಮಗೆ ಬಂದದ್ದನ್ನು ಅಳೆಯುವಾಗ ದೊಡ್ಡದು ಇಳಿಯುತ್ತದೆ, ಆಗ ಅದು ಒಂದು ಕೊಳಗಕ್ಕೂ ಕಡಿಮೆ.

ಪೂರ್ವಪಕ್ಷಕ್ಕೆ ಮರ್ಯಾದೆ

ಇದೆಲ್ಲದರ ನಡುವೆ ಒಂದು ಒಳ್ಳೆಯ ವಾದ ಸತ್ತುಹೋಗುತ್ತಿದೆ ಎಂಬುದು ಗ್ರಂಥಕರ್ತನ ಕೊರಗು. ಹೊಣೆಯಿಂದ ಖರ್ಚು ಮಾಡುತ್ತೇನೆಂದು 2002ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡು ದೇಶಕ್ಕೆ ಮೊದಲಿಗನಾದ ರಾಜ್ಯ ಕರ್ನಾಟಕ. ಅದೇ ರಾಜ್ಯ 2024–25ರ ಬಜೆಟ್ಟಿನಲ್ಲಿ 27,354 ಕೋಟಿಯ ರಾಜಸ್ವ ಕೊರತೆ ತೋರಿಸಿತು. 2025–26ರಲ್ಲಿ 4,09,549 ಕೋಟಿಯ ಬಜೆಟ್ಟು, ಅದರಲ್ಲಿ ಶಕ್ತಿ, ಗೃಹಲಕ್ಷ್ಮಿ ಸೇರಿದ ಐದು ಗ್ಯಾರಂಟಿಗಳಿಗೆ ಸುಮಾರು 51 ಸಾವಿರ ಕೋಟಿ, ಹೊಸ ಸಾಲ 1,16,000 ಕೋಟಿ. ರಸ್ತೆಗೆ, ಕಟ್ಟೆಗೆ ಸಾಲ ಮಾಡಿದರೆ ಮೊಮ್ಮಕ್ಕಳು ಸಾಲವನ್ನು ತೀರಿಸುತ್ತ ರಸ್ತೆಯ ಮೇಲಾದರೂ ಓಡಾಡುತ್ತಾರೆ. ಸಂಬಳ, ಪಿಂಚಣಿ, ಸಹಾಯಧನಕ್ಕೆ ಸಾಲ ಮಾಡಿದರೆ ಅವರಿಗೆ ಉಳಿಯುವುದು ಕಂತು ಒಂದೇ. ಇದು ಕೇಳಲೇಬೇಕಾದ ಪ್ರಶ್ನೆ. ತಿಂಗಳುಗಟ್ಟಲೆ ತಡವಾಗಿ ಬರುವ ಎರಡು ಸಾವಿರದ ಬಗ್ಗೆಯೂ ಕೇಳಬೇಕು, ಎಷ್ಟೋ ಪಂಪ್‌ಸೆಟ್ಟಿಗೆ ಮೀಟರೇ ಇಲ್ಲದೆ ವಿದ್ಯುತ್ ಕಂಪನಿಗಳು ಅಂದಾಜಿನ ಮೇಲೆ ಲೆಕ್ಕ ಬರೆಯುವ ಬಗ್ಗೆಯೂ ಕೇಳಬೇಕು. ಮೊದಲಿನೆರಡನ್ನು ಪಂಥ ಗಟ್ಟಿಯಾಗಿ ಕೇಳುತ್ತದೆ. ಮೀಟರಿನ ಮಾತು ಬಂದಾಗ ಚಾ ಆರಿಹೋಯಿತೆಂದು ಏಳುತ್ತದೆ.

ಜಮಾಬಂದಿ ಪ್ರಕರಣ

ವಿಧಾನಸೌಧದ ಲೆಕ್ಕ ನೋಡಲು ನಮಗೆ ಆಗಲಿಕ್ಕಿಲ್ಲ. ಗ್ರಾಮ ಪಂಚಾಯಿತಿಯ ಲೆಕ್ಕ ನೋಡಲು ಸರ್ಕಾರವೇ ಕರೆಯುತ್ತದೆ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಕಾಮಗಾರಿಯ ಕಡತ, ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು, ವೋಚರು ಎಲ್ಲವನ್ನೂ ಜನರ ಮುಂದೆ ಇಡಬೇಕು. ಹಣಕಾಸು ಆಯೋಗದ ಅನುದಾನದಲ್ಲಿ ನೀರು, ನೈರ್ಮಲ್ಯಕ್ಕೆ ಎಷ್ಟು ಹೋಯಿತು, ಉದ್ಯೋಗ ಖಾತರಿಯಲ್ಲಿ ಕೂಲಿಗೆ ಎಷ್ಟು, ಸಾಮಗ್ರಿಗೆ ಎಷ್ಟು ಎಂದು ಯಾರು ಬೇಕಾದರೂ ಕೇಳಬಹುದು. ಮೋರಿ ನಿಜವಾಗಿಯೂ ಅಂದಾಜಿನಷ್ಟು ಉದ್ದವಿದೆಯೇ ಎಂದು ಟೇಪು ಹಿಡಿದು ನೋಡಬಹುದು. ಸ್ಥಳೀಯ ಖರ್ಚಿನ ವಿಮರ್ಶೆಗೆ ಇದಕ್ಕಿಂತ ದೊಡ್ಡ ವಿಶ್ವವಿದ್ಯಾಲಯ ಬೇರೆಲ್ಲೂ ಇಲ್ಲ.

ಅಲ್ಲಿ ಪಂಥದ ಹಾಜರಾತಿ ಬಹಳ ಕಡಿಮೆ. ಬರುವವರು ಸ್ವಸಹಾಯ ಸಂಘದ ಹೆಂಗಸರು, ಅಂಗನವಾಡಿಯವರು, ಮನೆ ಮಂಜೂರಾತಿ ಏನಾಯಿತೆಂದು ಕೇಳುವ ಒಂದಿಬ್ಬರು ಮುದುಕರು. ಅವರು ಬಸ್ಸು ಹಿಡಿದು ಬಂದಿರುತ್ತಾರೆ. ಕೆಲವರು ಟಿಕೆಟ್ಟು ಇಲ್ಲದೆ, ಹೆಚ್ಚಿನವರು ಟಿಕೆಟ್ಟು ಕೊಂಡು. ಪಿಡಿಒ ಲೆಕ್ಕ ಓದುತ್ತಾರೆ. ಕಳೆದ ವರ್ಷ ಕೆಟ್ಟ ಬೀದಿದೀಪಕ್ಕೆ ಈ ವರ್ಷ ಮತ್ತೆ ಬಿಲ್ಲು ಹೇಗೆ ಬಂತೆಂದು ಕೇಳುವುದು ಅವರಲ್ಲೊಬ್ಬ ಹೆಂಗಸು. ಆ ಹೊತ್ತಿಗೆ ನಮ್ಮ ಭಾಷ್ಯಕಾರರು ಚಾ ಅಂಗಡಿಯಲ್ಲಿ ನಾಲ್ಕು ಲಕ್ಷ ಕೋಟಿಯನ್ನು ಬಾಯಿಲೆಕ್ಕದಲ್ಲೇ ಭಾಗಿಸುತ್ತಿರುತ್ತಾರೆ. ಪಂಚಾಯಿತಿ ಕಚೇರಿ ದೂರವೇನಲ್ಲ. ಅಲ್ಲಿಗೆ ಹೋದರೆ ಮನೆಕಂದಾಯ ಬಾಕಿಯ ವಿಷಯವೂ ಏಳುತ್ತದೆ, ಇಷ್ಟೇ ತೊಂದರೆ.

ಪುಷ್ಪಿಕೆ

ಇಂತು ತಾಳಗುಪ್ಪ ಸಂಪ್ರದಾಯದ ಬಿಟ್ಟಿಖಂಡನ ದರ್ಪಣ ಮುಗಿದುದು. ಆಸ್ಥಾನ ಕವಿಗಳಿಗೆ ಅರಸರಿದ್ದರು, ಗ್ರಂಥಕರ್ತನಿಗೆ ಗ್ರಂಥಾಲಯಗಳ ಸಗಟು ಖರೀದಿಯಿದೆ. ಮನೆಕಂದಾಯದ ಮೇಲೆ ಊರವರು ಕಟ್ಟುವ ಗ್ರಂಥಾಲಯ ಕರದ ಹಣದಲ್ಲಿ ಈ ಪುಸ್ತಕದ ಪ್ರತಿಗಳನ್ನು ಕೊಳ್ಳಬೇಕೆಂದು ಅರ್ಜಿ ಹಾಕಲಾಗಿದೆ. ಪುಟಕ್ಕೆ ಇಷ್ಟೆಂದು ಕಟ್ಟಿದ ದರ ತೀರಾ ಸಾಲದು, ಸರ್ಕಾರ ಕೂಡಲೇ ಏರಿಸಬೇಕೆಂಬ ಮನವಿಯೊಂದು ತಯಾರಾಗುತ್ತಿದೆ. ಮೊದಲ ಸಹಿ ನನ್ನದು, ಎರಡನೆಯದು ಹಿರಿಯ ಭಾಷ್ಯಕಾರರದು.