ಚಪ್ಪಲಿ ಹೊರಗೆ, ಸೋಫಾ ಒಳಗೆ

ನಮ್ಮ ಮನೆಯ ಲೆದರ್ ಸೋಫಾ ಸುಲಿಯುತ್ತಿದೆ. ಬಾಳೆಹಣ್ಣಿನ ಹಾಗೆ ನೀಟಾಗಿ ಅಲ್ಲ, ಚೂರು ಚೂರಾಗಿ. ಕೂತು ಎದ್ದವರ ಬಟ್ಟೆಗೆ ಕಂದು ಚಕ್ಕೆ ಅಂಟುತ್ತದೆ. ಒಂದು ದಿನ ಮದುವೆ ಕಾಗದ ಕೊಡಲು ಬಂದವರೊಬ್ಬರು ಬಿಳಿ ಪಂಚೆಯಲ್ಲಿ ಕೂತು ಚಿರತೆಯಾಗಿ ಎದ್ದರು. ನಾವು ಕಾಣದವರ ಹಾಗೆ ಇದ್ದೆವು. ಅವರೂ ಕಾಣದವರ ಹಾಗೆ ಹೋದರು. ಇದಕ್ಕೆ ನಮ್ಮಲ್ಲಿ ಮರ್ಯಾದೆ ಎಂದು ಹೆಸರು.

ಸುಳ್ಯದ ಹತ್ತಿರದ ನಮ್ಮೂರು ಆಲೆಟ್ಟಿಗೆ ಲೆದರ್ ಸೋಫಾ ಯಾಕೆ ಬಂತು ಎಂದು ಕೇಳಬೇಡಿ. ಅಡಿಕೆಗೆ ರೇಟು ಬಂತು, ಅದಕ್ಕೆ ಬಂತು. ರೇಟು ಬಂದ ವರ್ಷ ತೋಟಕ್ಕೆ ಗೊಬ್ಬರ ಹಾಕಿದವರಿಗಿಂತ ಸಿಟೌಟಿಗೆ ಗ್ರಾನೈಟ್ ಹಾಕಿದವರೇ ಹೆಚ್ಚು. ಗ್ರಾನೈಟ್ ಹಾಕಿದ ಮೇಲೆ ಹಳೆಯ ಹಲಸಿನ ಮರದ ಬೆಂಚಿಗೆ ಅಲ್ಲಿ ನಾಚಿಕೆಯಾಗುತ್ತದಂತೆ. ಬೆಂಚು ಕೊಟ್ಟಿಗೆಗೆ ಹೋಯಿತು. 65,000 ರೂಪಾಯಿಯ ಸೋಫಾ ಚಾವಡಿಗೆ ಬಂತು. ಆಯ್ಕೆ ನನ್ನ ಭಾವನದ್ದು. ಹೆಂಡತಿಯ ಅಣ್ಣ. "ತೆಗೊಂಡರೆ ಒರಿಜಿನಲ್ ಲೆದರ್ ತೆಗೊಳ್ಳಿ ಭಾವ, ಒಮ್ಮೆಗೆ ಮುಗೀತು" ಎಂದಿದ್ದ. ಏಳು ವರ್ಷಕ್ಕೆ ಮುಗಿಯಿತು.

ಈ ಏಳು ವರ್ಷದಲ್ಲಿ ಮನೆಯವರು ಅದರಲ್ಲಿ ಕೂತದ್ದು ಕಡಿಮೆ. ಅದು ನೆಂಟರಿಗೆ. ನಮಗೆ ಎದುರಿನ ಪ್ಲಾಸ್ಟಿಕ್ ಕುರ್ಚಿ. ಮಕ್ಕಳು ಹತ್ತಿದರೆ ಪೆಟ್ಟು, ನಾಯಿ ಹತ್ತಿದರೆ ಹೆಚ್ಚು ಪೆಟ್ಟು. ಅಂಗಡಿಯವರು ಸುತ್ತಿ ಕೊಟ್ಟ ಪ್ಲಾಸ್ಟಿಕ್ಕನ್ನು ಎರಡು ಮಳೆಗಾಲ ತೆಗೆಯಲಿಲ್ಲ. ಮನೆಯಲ್ಲಿ ಅಷ್ಟು ಜೋಪಾನ ಕಂಡ ಇನ್ನೊಂದು ಜೀವಿ ಇಲ್ಲ.

ಈಗ ಒಂದು ಸಣ್ಣ ಪ್ರಶ್ನೆ. ನಮ್ಮ ಮನೆಗಳಲ್ಲಿ ಚಪ್ಪಲಿ ಅಂಗಳದಲ್ಲೇ ಬಿಡಬೇಕು. ಚರ್ಮ ಮೈಲಿಗೆ. ದೇವಸ್ಥಾನಕ್ಕೆ ಹೋಗುವಾಗ ಬೆಲ್ಟು ಬಿಚ್ಚಿಡುವವರು ಉಂಟು. ಚರ್ಮದ ಪರ್ಸು ಕಾರಿನಲ್ಲೇ ಬಿಟ್ಟು ಹೋಗುವವರೂ ಉಂಟು. ಕಾಣಿಕೆ ಹಾಕುವ ಕಷ್ಟವೂ ತಪ್ಪುತ್ತದೆ. ಹಾಗಾದರೆ ಆರಡಿ ಉದ್ದದ ಚರ್ಮ ದೇವರ ಕೋಣೆಯ ಬಾಗಿಲಿಗೆ ಎದುರಾಗಿ ಕಾಲು ಚಾಚಿ ಮಲಗಿದ್ದು ಹೇಗೆ? ಆರುನೂರು ರೂಪಾಯಿಯ ಚರ್ಮ ಮೈಲಿಗೆ. ಅರುವತ್ತೈದು ಸಾವಿರದ ಚರ್ಮ ಅಂತಸ್ತು. ಶಾಸ್ತ್ರದಲ್ಲಿ ಇದಕ್ಕೆ ಎಲ್ಲೋ ಒಂದು ರೇಟ್ ಕಾರ್ಡ್ ಇರಬೇಕು.

ಚರ್ಮ ಹದ ಮಾಡುವವನನ್ನು ಅಂಗಳದಾಚೆ ನಿಲ್ಲಿಸಿದ ಊರುಗಳು ನಮ್ಮವು. ಅವನು ಹದ ಮಾಡಿದ್ದು ಚಾವಡಿಯ ನಡುವೆ ಬಂತು. ಅವನು ಇನ್ನೂ ಸಿಟೌಟಿನ ಮೆಟ್ಟಿಲಲ್ಲೇ ಇದ್ದಾನೆ.

ಭಾವನ ಕಥೆ ಇನ್ನೂ ಚೆನ್ನಾಗಿದೆ. ಬೆಳಿಗ್ಗೆ ಆರಕ್ಕೆ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಗೋಮಾತೆಯ ಚಿತ್ರ ಹಾಕುವವನು ಅವನೇ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದಾಗ ಲಡ್ಡು ಹಂಚಿದವನೂ ಅವನೇ. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಆ ಕಾಯ್ದೆಯಲ್ಲಿ ರಕ್ಷಣೆ ಇಲ್ಲ. ಸೋಫಾದ್ದು ಯಾವ ಪ್ರಾಣಿ, ಅದಕ್ಕೆ ಎಷ್ಟು ವರ್ಷವಾಗಿತ್ತು ಎಂದು ಅಂಗಡಿಯಲ್ಲಿ ಕೇಳಿದ್ದೆಯಾ ಎಂದೆ. "ಅದೆಲ್ಲ ಇಂಪೋರ್ಟೆಡ್ ಭಾವ" ಎಂದ. ಸಮುದ್ರ ದಾಟಿ ಬಂದ ಹಸುವಿಗೆ ತಾಯಿಯ ಸ್ಥಾನ ಇಲ್ಲವೆಂದು ಅಂದು ತಿಳಿಯಿತು.

ಅಂತೂ ಸುಳ್ಯ ಪೇಟೆಯಿಂದ ಕುಷನ್ ಕೆಲಸದವನನ್ನು ಕರೆಸಿದೆವು. ಅವನು ಸೋಫಾವನ್ನು ಕವುಚಿ ಹಾಕಿದ. ಅಡಿಯ ಬಟ್ಟೆ ಹರಿದ. ಸುಲಿದ ಒಂದು ತುಂಡನ್ನು ಎಳೆದು ಅದರ ಹಿಂಬದಿ ತೋರಿಸಿದ. ಚರ್ಮವಾದರೆ ಹಿಂದೆ ಮೆತ್ತಗಿನ ನಾರು ಇರಬೇಕು. ಇಲ್ಲಿ ಇದ್ದದ್ದು ನೇಯ್ದ ಬಟ್ಟೆ.

"ಅಣ್ಣಾ, ಇದು ಲೆದರೇ ಅಲ್ಲ."

ಮನೆಯಲ್ಲಿ ಒಂದು ಕ್ಷಣ ಮೌನ. ಮೈಲಿಗೆ ಹೋಯಿತು. ಜೊತೆಗೆ ಮರ್ಯಾದೆಯೂ ಹೋಯಿತು. ಯಾವುದಕ್ಕೆ ಹೆಚ್ಚು ದುಃಖವಾಯಿತೆಂದು ಹೇಳಬೇಕಾಗಿಲ್ಲ.

ಬಿಲ್ಲು ಹುಡುಕಿದೆ. ಸಣ್ಣ ಅಕ್ಷರದಲ್ಲಿ "ಬಾಂಡೆಡ್ ಲೆದರ್" ಎಂದಿತ್ತು. ಮರದ ಹುಡಿಗೆ ಗೋಂದು ಕಲಸಿ ಹಲಗೆ ಒತ್ತುತ್ತಾರಲ್ಲ, ಹಾಗೆ. ಕಾರ್ಖಾನೆಯಲ್ಲಿ ಉಳಿದ ಚರ್ಮದ ಚೂರನ್ನು ಹುಡಿ ಮಾಡಿ, ಅಂಟಿನಲ್ಲಿ ಕಲಸಿ, ಬಟ್ಟೆಯ ಮೇಲೆ ಬಳಿದು, ಮೇಲಿಂದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಪದರ ಕೊಟ್ಟು, ಅದರ ಮೇಲೆ ಚರ್ಮದ ಸುಕ್ಕನ್ನು ಅಚ್ಚು ಒತ್ತುತ್ತಾರೆ. ಸುಕ್ಕು ಕೂಡ ಸುಳ್ಳು. ಚರ್ಮದ ಹುಡಿಯೂ ಇಲ್ಲದ ಬರೀ ಪ್ಲಾಸ್ಟಿಕ್ಕಿಗಂತೂ ಹೆಸರುಗಳು ಬೇಕಾದಷ್ಟು: ಲೆದರೆಟ್, ಲೆದರ್ ಫೀಲ್, ಲೆದರ್ ಫಿನಿಶ್. ಈಗ ಹೊಸತು ವೀಗನ್ ಲೆದರ್. ಹೆಚ್ಚಿನ ಅಂಗಡಿಗಳಲ್ಲಿ ವೀಗನ್ ಲೆದರ್ ಎಂದರೆ ಕಾನ್ವೆಂಟಿಗೆ ಸೇರಿಸಿದ ರೆಕ್ಸಿನ್.

ಅದು ಯಾಕೆ ಸುಲಿಯಿತು ಎಂಬುದೂ ಕೇಳುವ ಹಾಗಿದೆ. ಪಾಲಿಯುರೆಥೇನಿಗೆ ತೇವ ಆಗದು. ಗಾಳಿಯ ನೀರಿನಂಶವೇ ಅದರ ಅಣುಸರಪಳಿಯನ್ನು ಕಡಿಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ. ಆಟಿ ತಿಂಗಳಲ್ಲಿ ಗೋಡೆಗೆ ಬೂಷ್ಟು, ಪೆಟ್ಟಿಗೆಯ ಸೀರೆಗೆ ಬೂಷ್ಟು. ಹಾಗಾಗಿ ಈ ಸೋಫಾ ಕೂತರೂ ಸುಲಿಯುತ್ತದೆ, ಕೂರದಿದ್ದರೂ ಸುಲಿಯುತ್ತದೆ. ನಾವು ಪ್ಲಾಸ್ಟಿಕ್ ಸುತ್ತಿ ತೇವವನ್ನು ಒಳಗೇ ಕೂರಿಸಿದೆವು. ಮಕ್ಕಳು ತಿಂದ ಪೆಟ್ಟು ಪೂರ್ತಿ ವ್ಯರ್ಥ.

ಈಗ ಮೂರು ದಾರಿ. ಮೂರಕ್ಕೂ ಸಲಹೆಗಾರರು ಬಿಟ್ಟಿ ಸಿಗುತ್ತಾರೆ.

ಮೊದಲನೆಯದು ರಿಪೇರಿ. ಪೇಸ್ಟು, ಬಣ್ಣ, ಸ್ಪಾಂಜು ಇರುವ ಕಿಟ್ ಪಾರ್ಸೆಲಿನಲ್ಲಿ ಬರುತ್ತದೆ. ನಿಜವಾದ ಚರ್ಮವಾದರೆ ಇದು ಸರಿಯಾದ ದಾರಿಯೇ. ಬಿರುಕು ತುಂಬಬಹುದು, ಬಣ್ಣ ಕೂರಿಸಬಹುದು, ವರ್ಷಕ್ಕೆರಡು ಸಲ ಕಂಡೀಷನರ್ ತಿಕ್ಕಿದರೆ ಇನ್ನೂ ಹತ್ತು ವರ್ಷ ಬಾಳುತ್ತದೆ. ಸುಲಿಯುವ ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದರೆ, ಚಕ್ಕೆ ಬೀಳುವಾಗ ಬಣ್ಣವನ್ನೂ ಕರೆದುಕೊಂಡೇ ಬೀಳುತ್ತದೆ. ಮಳೆಗಾಲದ ಮುನ್ನಾದಿನ ರಸ್ತೆಗುಂಡಿಗೆ ಹಾಕುವ ತೇಪೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಹೊಸ ಹೊದಿಕೆ. ಕುಷನಿನವ ಹೇಳಿದ್ದು 28,000. ಒಳ್ಳೆಯ ರೆಕ್ಸಿನ್, 40 ಡೆನ್ಸಿಟಿ ಸ್ಪಾಂಜು. ಆಮೇಲೆ ಅವನೇ ಒಳಗಿನ ಮರ ತಟ್ಟಿ ನೋಡಿದ. ಹಿಟ್ಟು ಉದುರಿತು. ಕುಟ್ಟೆ ಹಿಡಿದಿತ್ತು. ಮರದ ಜೋಡಣೆಗಳಲ್ಲಿ ಗೂಟ ಇಲ್ಲ, ಸ್ಕ್ರೂ ಇಲ್ಲ, ಬರೀ ಸ್ಟೇಪ್ಲರ್ ಪಿನ್ನು. "ಮರ ಗಟ್ಟಿ ಇದ್ದರೆ ಬಟ್ಟೆ ಬದಲಿಸಬೇಕು ಅಣ್ಣಾ. ಮರವೇ ಇಲ್ಲದಿದ್ದರೆ ನಾನು ಎಂತದಕ್ಕೆ ಹೊಲಿಯುವುದು?" ಎಂದ. 28,000 ರೂಪಾಯಿಯ ಕೆಲಸವನ್ನು ತಾನೇ ಬೇಡವೆಂದ ಮನುಷ್ಯ. ಅವನಿಗೆ ಸ್ಟೀಲ್ ಲೋಟದಲ್ಲಿ ಚಾ ಕೊಟ್ಟೆವು, ಸಿಟೌಟಿನಲ್ಲಿ. ಮದುವೆ ಕಾಗದದವರಿಗೆ ಕಪ್ಪೂ ಬಸಿಯೂ ಇತ್ತು.

ಮೂರನೆಯದು ಹೊಸ ಸೋಫಾ. ಇದು ಭಾವನ ಪಕ್ಷ. ಈ ಸಲ ಅವನಿಗೆ ಮೋಟರ್ ಇರುವ ರಿಕ್ಲೈನರ್ ಆಗಬೇಕಂತೆ. ಸುಳ್ಯದ ಕರೆಂಟಿಗೆ ಮೋಟರ್ ಸೋಫಾ! ಗುಡುಗು ಬಂದರೆ ಕಾಲು ಮೇಲೆ ಮಾಡಿ ಮಲಗಿದಲ್ಲೇ ಬಾಕಿ. ಹಳೆಯ ಸೋಫಾಕ್ಕೆ 5,000 ಎಕ್ಸ್‌ಚೇಂಜ್ ಕೊಡುತ್ತಾರಂತೆ. ಆ 5,000ವನ್ನು ಹೊಸದರ ರೇಟಿಗೆ ಮೊದಲೇ ಸೇರಿಸಿರುತ್ತಾರೆ ಎಂಬುದು ಅಡಿಕೆ ಮಾರುವವನಿಗೆ ಗೊತ್ತಾಗಬೇಡವೇ?

ತಮಾಷೆ ಎಂದರೆ ಸೋಫಾಕ್ಕೆ ಬೇಕಾದದ್ದೆಲ್ಲ ಇಲ್ಲೇ ಉಂಟು. ರಬ್ಬರ್ ಹಾಲು ನಮ್ಮದು, ತೆಂಗಿನ ನಾರು ನಮ್ಮದು. ಎರಡನ್ನೂ ಸೇರಿಸಿದರೆ ಬೇಸಿಗೆಗೂ ಮಳೆಗೂ ಬಾಳುವ ಕುಷನ್. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ತಮಿಳರು ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಆ ಹಾಲು ಇಳಿಸಿದರು. ಹಾಲು ಬತ್ತಿದ ರಬ್ಬರ್ ಮರ ಲಾರಿ ಹತ್ತಿ ಹೋಗುತ್ತದೆ. ಪಾಲಿಶ್ ಹಚ್ಚಿಕೊಂಡು ಶೋರೂಮಿಗೆ ವಾಪಸು ಬರುತ್ತದೆ. ಆಗ ನಾವು ಇಂಪೋರ್ಟೆಡ್ ಎಂದು ಮುಟ್ಟಿ ನೋಡುತ್ತೇವೆ.

ಸರಿ, ಹಳೆಯದನ್ನು ಎಲ್ಲಿ ಹಾಕುವುದು? ಗುಜರಿಯವನಿಗೆ ಕಬ್ಬಿಣ ಬೇಕು, ಸ್ಪಾಂಜು ಬೇಡ. ಕಸದ ಗಾಡಿಯವನು ನೋಡಿ ನಕ್ಕ. ಸುಟ್ಟರೆ ಆ ಸ್ಪಾಂಜಿನ ಹೊಗೆಯಲ್ಲಿ ಸಯನೈಡ್ ಅನಿಲವೂ ಇರುತ್ತದೆ. ಭಾವನ ಹತ್ತಿರ ಅದಕ್ಕೂ ಉಪಾಯ ಇತ್ತು: "ರಾತ್ರಿ ಜೀಪಿಗೆ ಹಾಕಿ ಪಯಸ್ವಿನಿಗೆ ಬಿಟ್ಟುಬಿಡುವ." ನಮ್ಮ ಪಯಸ್ವಿನಿ ಹೊಳೆ ಕೇರಳಕ್ಕೆ ಹರಿದು ಚಂದ್ರಗಿರಿಯನ್ನು ಸೇರಿ ಕಾಸರಗೋಡಿನ ಬಳಿ ಕಡಲಿಗೆ ಹೋಗುತ್ತದೆ. ಗಡಿ ದಾಟಿದರೆ ಅದು ನಮ್ಮ ಕಸವಲ್ಲ. ಅವನ ಜೀಪಿನ ಹಿಂದೆ "ಸ್ವಚ್ಛ ಭಾರತ" ಸ್ಟಿಕ್ಕರ್ ಉಂಟು. ಬೆಳಿಗ್ಗೆ ಹಾಕುವ ಚಿತ್ರಗಳಲ್ಲಿ ವಾರಕ್ಕೊಮ್ಮೆ ನದಿಯೂ ತಾಯಿ.

ತೋಟಕ್ಕೆ ಹೋಗಿ ಕೂತೆ. ಅಲ್ಲಿಯೂ ಇದೇ ಮೂರು ಪ್ರಶ್ನೆ. ಅಡಿಕೆಗೆ ಹಳದಿ ಎಲೆ ರೋಗ. 1914ರಲ್ಲಿ ಕೇರಳದಲ್ಲಿ ಮೊದಲು ಕಂಡದ್ದು. ಮದ್ದು ಇವತ್ತಿಗೂ ಇಲ್ಲ. ಗೊಬ್ಬರ ಕೊಟ್ಟು ಇನ್ನಷ್ಟು ದಿನ ತಳ್ಳುವುದಾ, ಕಡಿದು ಹೊಸ ಸಸಿ ನೆಡುವುದಾ, ಅಡಿಕೆಯನ್ನೇ ಬಿಡುವುದಾ? ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಒಂದು ಸಂಜೆಯೂ ಮೀಟಿಂಗ್ ಆಗಿಲ್ಲ. ಸೋಫಾಕ್ಕೆ ನಾಲ್ಕು ಆಗಿದೆ. ನೆಂಟರು ತೋಟಕ್ಕೆ ಇಳಿಯುವುದಿಲ್ಲವಲ್ಲ.

ಐದನೆಯ ಮೀಟಿಂಗಿನಲ್ಲಿ ತೀರ್ಮಾನವಾಯಿತು. ರಿಪೇರಿ ಇಲ್ಲ, ಹೊಸ ಹೊದಿಕೆ ಇಲ್ಲ, ಹೊಸ ಸೋಫಾವೂ ಇಲ್ಲ. ಹೆಂಡತಿ ಕಪಾಟಿನಿಂದ ಹೂವಿನ ಬೆಡ್‌ಶೀಟ್ ತೆಗೆದು ಹೊದಿಸಿ, ನಾಲ್ಕು ಮೂಲೆ ಒಳಗೆ ಸಿಕ್ಕಿಸಿದಳು. ಈ ದೇಶದಲ್ಲಿ ಹೆಚ್ಚಿನ ಸಮಸ್ಯೆಗಳು ಬಗೆಹರಿಯುವುದು ಹೀಗೆಯೇ.

ಮೊನ್ನೆ ಬೀಗರು ಬಂದರು. ಕೂತರು. ಎದ್ದಾಗ ಪಂಚೆ ಬೆಳ್ಳಗೇ ಇತ್ತು. ಬೆಡ್‌ಶೀಟಿನ ಮೇಲೆ ಕೈಯಾಡಿಸಿ ತಲೆದೂಗಿದರು.

"ಒಳಗೆ ಲೆದರಲ್ವಾ? ಹೀಗೆ ಮುಚ್ಚಿಟ್ಟರೆ ಬಾಳ್ತದೆ."

"ಹೌದು" ಎಂದೆ, ಪ್ಲಾಸ್ಟಿಕ್ ಕುರ್ಚಿಯಿಂದ.